ಮರೆವಿಗೆ ಒಂದೆಲಗ ಸಾಕೇ?



ಕಾಲುವೆಗೆ ನೀರು ಬಿಟ್ಟರೆ ಸಾಕು, ಹಂಪಿ ಕಡೆಯ ಬಾಳೆತೋಟದ ಬದುಗಳಲ್ಲಿ ಒಂದೆಲಗ ಹಬ್ಬಿಕೊಳ್ಳುತ್ತದೆ. ಒಂದು ಹಿಡಿ ಎಲೆ, ಎರಡು ಹಸಿಮೆಣಸಿನಕಾಯಿ, ಹಸಿಕೊಬ್ಬರಿ, ಚೂರು ಹುಣಸೆಹಣ್ಣು, ಉಪ್ಪು ಸೇರಿಸಿ ಅರೆದು ಸಾಸಿವೆ ಒಗ್ಗರಣೆ ಕೊಟ್ಟರೆ ಜೋಳದ ರೊಟ್ಟಿಗೆ ಬಲು ರುಚಿ. ಆದರೆ ಈ ಸಲ ಒಂದೆಲಗದ ಮಾತು ತೆಗೆದದ್ದು ಅಡುಗೆಗಲ್ಲ.

ನನ್ನ ನಾದಿನಿಯನ್ನು ಕಂಪ್ಲಿಗೆ ಕೊಟ್ಟಿದೆ. ದೀಪಾವಳಿಗೆ ಬಂದವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಹಾಲು ಒಲೆಯ ಮೇಲಿಟ್ಟು ಹಿತ್ತಲಲ್ಲಿ ಹೋಗಿ ಕೂತಳು. "ಅತ್ತಿಗೀ, ನನಗೇನೂ ನೆನಪಿರವಲ್ದು" ಅಂದಳು. ನಾನೇ ದೊಡ್ಡ ಜಾಣೆಯ ಹಾಗೆ "ದಿನಾ ಒಂದೆಲಗ ತಿನ್ನು" ಅಂತ ಹೇಳಿ ಕಳಿಸಿದೆ. ತಿಂಗಳಾದರೂ ಫರಕಿಲ್ಲ. ಅವಳ ಮನೆಗೆ ಹೋಗಿ ಪಕ್ಕದಲ್ಲಿ ಮಲಗಿದಾಗ ತಿಳಿಯಿತು: ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಬೇಡ, ಮಕ್ಕಳ ಮಾತೂ ಬೇಡ. ಅವಳ ಅತ್ತೆ ಅದನ್ನು ಸೋಮಾರಿತನ ಅಂತಿದ್ದರು. ಡಾಕ್ಟರು ಖಿನ್ನತೆ ಅಂದರು. ಮನಸ್ಸು ಕುಗ್ಗಿದಾಗ ಕೇಳಿದ್ದು, ಕಂಡದ್ದು ತಲೆಯಲ್ಲಿ ನಿಲ್ಲುವುದೇ ಇಲ್ಲವಂತೆ. ನಾವು ಅದನ್ನೇ ಬರೀ ಮರೆವು ಅಂದುಕೊಂಡು ಸೊಪ್ಪು ಹುಡುಕುತ್ತೇವೆ.

ಮಾತ್ರೆ ಶುರುವಾಗಿ ಮೂರು ನಾಲ್ಕು ವಾರಕ್ಕೆ ನಿದ್ದೆ ಬಂತು. ಅಷ್ಟರಲ್ಲಿ ಸಂಡೂರು ಕಡೆಯ ಒಂದು ಸಂತೆಯಲ್ಲಿ ಯಾರೋ ಒಬ್ಬ "ಇಂಗ್ಲಿಷ್ ಮಾತ್ರೆ ತಲೆ ಮಂದ ಮಾಡುತ್ತೆ, ಇದು ಗುಡ್ಡದ ಬೇರು" ಅಂತ ಪುಡಿ ಕೊಟ್ಟ. ಇವಳು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟಳು. ವಾರದಲ್ಲೇ ತಲೆಸುತ್ತು, ಅಳು. ಒಂದು ರಾತ್ರಿ "ನಾನಿದ್ದು ಯಾರಿಗೇನು" ಅಂದಳಂತೆ. ಆ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು. ಮಾರನೇ ದಿನವೇ ಡಬ್ಬಿ ಸಮೇತ ಡಾಕ್ಟರ ಹತ್ತಿರ ಓಡಿದೆವು. ಡಬ್ಬಿಗೆ ಚೀಟಿಯೇ ಇಲ್ಲ, ಒಳಗೇನಿದೆ ಅಂತ ಯಾರು ಹೇಳಬೇಕು?

ಹಾಗಂತ ಗಿಡಮೂಲಿಕೆಯೆಲ್ಲ ಸುಳ್ಳು ಅನ್ನುತ್ತಿಲ್ಲ. ಬ್ರಾಹ್ಮಿ ಅನ್ನುವ ಹೆಸರಿನಲ್ಲಿ ಎರಡು ಗಿಡಗಳಿವೆ. ದುಂಡನೆಯ ಎಲೆಯ ಒಂದೆಲಗ ಬೇರೆ, ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ ಬೇರೆ. ನೀರುಬ್ರಾಹ್ಮಿಯ ಸಾರವನ್ನು ಆಸ್ಟ್ರೇಲಿಯಾದಲ್ಲಿ ಆರೋಗ್ಯವಂತರಿಗೆ ದಿನಕ್ಕೆ 300 ಮಿಲಿಗ್ರಾಂನಂತೆ ಕೊಟ್ಟು ನೋಡಿದ್ದಾರೆ. ಸುಮಾರು 12 ವಾರಕ್ಕೆ ನೆನಪು ತುಸು ಸುಧಾರಿಸಿತು. ಕೆಲವರಿಗೆ ಹೊಟ್ಟೆ ಕೆಡುತ್ತದೆ. ಆದರೆ ಅದರಿಂದ ಖಿನ್ನತೆ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಅಶ್ವಗಂಧ ಕೆಲವರಿಗೆ ತೂಕಡಿಕೆ ತರುತ್ತದೆ, ಥೈರಾಯಿಡ್ ಏರಿಸಬಹುದು, ಅಪರೂಪಕ್ಕೆ ಯಕೃತ್ತಿಗೂ ಕೆಡುಕು. ಬಸುರಿಯರಿಗೆ ಬೇಡವೇ ಬೇಡ. ಸರ್ಪಗಂಧದ್ದು ಇನ್ನೂ ವಿಚಿತ್ರ. ಅದರಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪೀನ್ ರಕ್ತದೊತ್ತಡಕ್ಕೆ ಹೆಸರಾಯಿತು, ಆದರೆ ತೆಗೆದುಕೊಂಡವರಲ್ಲಿ ಕೆಲವರು ಮಂಕಾಗಿ ಕೂತರು! ಮನಸ್ಸಿನ ಬೇಸರಕ್ಕೆ ಅಂತ ಅದನ್ನೇ ತಿಂದರೆ ಗತಿಯೇನು? ಪರದೇಶದಲ್ಲಿರುವ ಮಕ್ಕಳು ಸೇಂಟ್ ಜಾನ್ಸ್ ವರ್ಟ್ ಅನ್ನುವ ಗುಳಿಗೆ ಕಳಿಸುವುದುಂಟು. ಹಗುರವಾದ ಖಿನ್ನತೆಗೆ ಅದು ಕೆಲಸ ಮಾಡುತ್ತದೆ, ನಿಜ. ಆದರೆ ಡಾಕ್ಟರ ಖಿನ್ನತೆ ಮಾತ್ರೆಯ ಜೊತೆ ಬೆರೆತರೆ ಅಪಾಯ. ಗರ್ಭನಿರೋಧಕ ಮಾತ್ರೆಯ ಬಲವನ್ನೂ ತಗ್ಗಿಸುತ್ತದೆ. ಆದ್ದರಿಂದ ಕಷಾಯವಾಗಲಿ ಲೇಹ್ಯವಾಗಲಿ, ತೆಗೆದುಕೊಳ್ಳುತ್ತಿರುವುದನ್ನು ಡಾಕ್ಟರಿಗೆ ಹೇಳಿಬಿಡಿ. ಬೈದರೆ ಬೈಯಲಿ. ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

"ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಜನ ಏನಂತಾರೆ" ಅನ್ನುವವರಿಗೆ ನಮ್ಮ ಸೀಮೆಯದೇ ಒಂದು ಸಂಗತಿ. ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಲ್ಲಿ, ಹೊಸಪೇಟೆಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ಮನೋರೋಗದ ಚಿಕಿತ್ಸೆ ಕಲಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ಸೀಮೆಯಿಂದ ದೇಶವೇ ಕಲಿತ ಮೇಲೆ ನಮಗ್ಯಾತರ ನಾಚಿಕೆ? ಮನೆಯಲ್ಲಿ ಯಾರಾದರೂ ಬದುಕು ಬೇಡ ಅನ್ನುವ ಮಾತಾಡಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಕಾಸಿಲ್ಲ.

ನಾದಿನಿ ಈಗ ಗೆಲುವಾಗಿದ್ದಾಳೆ. ಮಾತ್ರೆ ಇನ್ನೂ ಕೆಲವು ತಿಂಗಳು ಬೇಕಂತೆ. ಒಂದೆಲಗದ ಚಟ್ನಿ ತಿನ್ನಬಹುದೇ ಅಂತ ನಾನೇ ಅಳುಕುತ್ತಾ ಕೇಳಿದೆ. "ರೊಟ್ಟಿ ಜೊತೆ ತಿನ್ನಲಿ ಬಿಡಮ್ಮ" ಅಂದರು ಡಾಕ್ಟರು.