ವೇಗವೇ ಕವಚವಾದೀತೆ?

ಯಂತ್ರವೊಂದರ ವೇಗವನ್ನು ಕೇಳಿದೊಡನೆ ಬೆರಗಾಗುವುದು ನಮ್ಮ ವಿದ್ಯಾರ್ಥಿಗಳ ಸ್ವಭಾವ. ಆ ವೇಗವು ಯಾವ ಕಾರ್ಯಕ್ಕೆ, ಯಾವ ಹೊತ್ತಿನಲ್ಲಿ ಒದಗುತ್ತದೆಂದು ವಿಚಾರಿಸುವವರು ವಿರಳ. ಎರಡನೆಯ ಮಹಾಯುದ್ಧದ ‘ಹೆಲ್‌ಕ್ಯಾಟ್’ ಎಂಬ ಅಮೆರಿಕದ ಟ್ಯಾಂಕುನಾಶಕ ವಾಹನದ ಇತಿಹಾಸವು ಈ ವಿಚಾರದ ಅಗತ್ಯವನ್ನು ಚೆನ್ನಾಗಿ ತೋರಿಸುತ್ತದೆ.

1940ರಲ್ಲಿ ಜರ್ಮನಿಯ ಟ್ಯಾಂಕು ಪಡೆಗಳು ಕೆಲವೇ ವಾರಗಳಲ್ಲಿ ಫ್ರಾನ್ಸನ್ನು ಮಣಿಸಿದುವು. ಇದನ್ನು ಕಂಡ ಅಮೆರಿಕದ ಸೇನಾಧಿಕಾರಿಗಳು, ಶತ್ರುವಿನ ಟ್ಯಾಂಕುಗಳು ನುಗ್ಗಿದೆಡೆಗೆ ಧಾವಿಸಿ ಅವನ್ನು ನಾಶಮಾಡುವ ಪ್ರತ್ಯೇಕ ದಳವೊಂದನ್ನು ಕಟ್ಟಿದರು. ವೇಗವೇ ಅದರ ರಕ್ಷೆಯೆಂಬುದು ಅವರ ಎಣಿಕೆ. ಈ ದಳಕ್ಕಾಗಿ ಬ್ಯೂಯಿಕ್ ಕಂಪನಿಯು 1943ರ ಜುಲೈಯಿಂದ 1944ರ ಅಕ್ಟೋಬರಿನವರೆಗೆ 2,507 ಹೆಲ್‌ಕ್ಯಾಟುಗಳನ್ನು ತಯಾರಿಸಿತು.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥವನ್ನು ಕದಲಿಸಲು ಎಷ್ಟು ಕೈಗಳು ಬೇಕು, ಚಿಕ್ಕ ರಥಕ್ಕೆ ಎಷ್ಟು ಸಾಕು ಎಂಬುದನ್ನು ಬಲ್ಲವರಿಗೆ ವಾಹನದ ಚುರುಕಿನ ಗುಟ್ಟು ತಿಳಿದೇ ಇದೆ. ಒಟ್ಟು ಶಕ್ತಿಗಿಂತ ಪ್ರತಿ ಟನ್ನಿಗೆ ಒದಗುವ ಶಕ್ತಿ ಮುಖ್ಯ. ಜರ್ಮನಿಯ ‘ಪ್ಯಾಂಥರ್’ ಟ್ಯಾಂಕಿನ ತೂಕ ಸುಮಾರು 45 ಟನ್, ಶಕ್ತಿ 700 ಅಶ್ವಶಕ್ತಿ; ಟನ್ನಿಗೆ ಹದಿನೈದೂವರೆ. ಹೆಲ್‌ಕ್ಯಾಟಿನ ತೂಕ ಹದಿನೆಂಟು ಟನ್ನಿಗಿಂತ ತುಸು ಕಡಿಮೆ, ಶಕ್ತಿ 400. ಟನ್ನಿಗೆ ಇಪ್ಪತ್ತೆರಡಕ್ಕೂ ಮೇಲು. ಆದುದರಿಂದಲೇ ಅದು ಒಳ್ಳೆಯ ರಸ್ತೆಯ ಮೇಲೆ ಗಂಟೆಗೆ 88 ಕಿಲೋಮೀಟರ್ ಓಡಬಲ್ಲುದಾಗಿತ್ತು. ಆದರೆ ಈ ಹಗುರತನವನ್ನು ಪಡೆದುದು ಕವಚವನ್ನು ತೆಳುಮಾಡಿ. ಒಡಲಿನ ಉಕ್ಕು ಸುಮಾರು 13 ಮಿಲಿಮೀಟರ್ ಮಾತ್ರ. ಫಿರಂಗಿಯ ಗೋಪುರಕ್ಕೆ ಮೇಲ್ಛಾವಣಿಯೇ ಇಲ್ಲ. ಮೇಲೆ ಸಿಡಿದ ಷೆಲ್ಲಿನ ಚೂರುಗಳು ನೇರವಾಗಿ ಸೈನಿಕರ ಮೇಲೆಯೇ ಬೀಳುತ್ತಿದ್ದುವು.

ಇನ್ನು ವೇಗದ ರಕ್ಷೆಯನ್ನು ಲೆಕ್ಕಹಾಕಿ ನೋಡೋಣ. ಗಂಟೆಗೆ 88 ಕಿಲೋಮೀಟರೆಂದರೆ ಸೆಕೆಂಡಿಗೆ 24 ಮೀಟರಿನಷ್ಟು. ಪ್ಯಾಂಥರಿನ ಗುಂಡು ಫಿರಂಗಿಯ ಬಾಯಿಯನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ 900 ಮೀಟರಿಗೂ ಅಧಿಕ. ಹೊಲಗದ್ದೆಗಳಲ್ಲಿ ವಾಹನದ ವೇಗ ಇನ್ನೂ ಕುಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಗುರಿಯಿಟ್ಟು ಹೊಡೆಯಬೇಕಾದರೆ ಹೆಲ್‌ಕ್ಯಾಟ್ ನಿಲ್ಲಬೇಕಾಗಿತ್ತು. ನಿಂತ ವಾಹನದ ವೇಗ ಸೊನ್ನೆ! ರಕ್ಷೆಯು ಅತ್ಯಗತ್ಯವಾದ ಗಳಿಗೆಯಲ್ಲಿಯೇ ಅದು ಇಲ್ಲವಾಗುತ್ತಿತ್ತು.

1944ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಅರಾಕೂರ್ ಬಳಿ ಹೆಲ್‌ಕ್ಯಾಟುಗಳು ಹಲವು ಪ್ಯಾಂಥರುಗಳನ್ನು ಹೊಡೆದುರುಳಿಸಿದುದು ನಿಜ. ಆದರೆ ಅಲ್ಲಿ ಅವುಗಳಿಗೆ ನೆರವಾದುದು ದಟ್ಟವಾದ ಮಂಜು, ನೆಲದ ತಗ್ಗಿನ ಮರೆ, ಸಮೀಪದಿಂದ ಹೊಡೆವ ಅವಕಾಶ ಮತ್ತು ಸೈನಿಕರ ಜಾಣ್ಮೆ. ಯುದ್ಧವು ಮುಗಿದ ಮೇಲೆ ಅಮೆರಿಕವು ಆ ದಳವನ್ನೇ ವಿಸರ್ಜಿಸಿತು.

ಅನಿರೀಕ್ಷಿತವಾಗಿ ಎದುರಾಗುವುದೇ ಹಗುರ ವಾಹನದ ನಿಜವಾದ ಬಲವೆಂಬುದಕ್ಕೆ ನಮ್ಮ ದೇಶದಲ್ಲಿಯೂ ಸಾಕ್ಷಿಯುಂಟು. ಕೊಡಗಿನವರಾದ ಮೇಜರ್ ಜನರಲ್ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಗೆ ‘ಸ್ಟುವರ್ಟ್’ ಎಂಬ ಹಗುರ ಟ್ಯಾಂಕುಗಳನ್ನು ಏರಿಸಿದರು. ಟ್ಯಾಂಕುಗಳ ಗೋಪುರಗಳನ್ನು ಕಳಚಿ, ಮರೆಮಾಡಿ, ಗುಟ್ಟಾಗಿ ಸಾಗಿಸಲಾಗಿತ್ತು. ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯವರು ಹೇಸರಗತ್ತೆಗಳ ಹಾದಿಯನ್ನು ಅಗಲಮಾಡಿ ದಾರಿಯೊದಗಿಸಿದರು. ಆ ಏರಿನಲ್ಲಿ ಟ್ಯಾಂಕುಗಳು ತೆವಳಿದುವೆಂದೇ ಹೇಳಬೇಕು. ಆದರೂ ಶತ್ರುವು ಕನಸಿನಲ್ಲಿಯೂ ನೆನೆಯದ ಎಡೆಯಲ್ಲಿ ಕಾಣಿಸಿಕೊಂಡು ಜಯವನ್ನು ತಂದುವು.

ಹೆಲ್‌ಕ್ಯಾಟನ್ನು ರಚಿಸಿದ ಎಂಜಿನಿಯರುಗಳು ತಮಗೊಪ್ಪಿಸಿದ ಲೆಕ್ಕವನ್ನು ಸರಿಯಾಗಿಯೇ ಬಿಡಿಸಿದರು. ಲೆಕ್ಕವನ್ನು ಕೊಟ್ಟವರ ಭಾವನೆಯಲ್ಲಿ ದೋಷವಿತ್ತು. ಅದರ ಬೆಲೆಯನ್ನು ತೆತ್ತವರು ಐವರಂತೆ ಆ ವಾಹನದಲ್ಲಿ ಕುಳಿತ ಯುವಕರು. ಆದುದರಿಂದ ನಮ್ಮ ತರಗತಿಗಳಲ್ಲಿ ವೇಗವನ್ನು ಕಂಡುಹಿಡಿಯುವ ಲೆಕ್ಕದೊಡನೆ, ಆ ವೇಗದಿಂದ ಆಗಬೇಕಾದುದೇನು ಎಂಬ ಪ್ರಶ್ನೆಯನ್ನೂ ಕೇಳುವುದು ಉಚಿತ.