ಗೋಡೆ ಜೇಡದ ಲೋಕಸಂಚಾರ

ಗೋಡೆಯ ಬಿರುಕಿನ ಬಳಿ, ಕಿಟಕಿಯ ಮೂಲೆಯಲ್ಲಿ ಅಂಟಿಕೊಂಡಿರುವ ಬಿಳಿಯ ಪುಟ್ಟ ಬಲೆಯನ್ನು ನೀವು ಕಂಡಿರಬಹುದು. ನೋಡಿದರೆ ಧೂಳು ಹಿಡಿದ ಹತ್ತಿಯ ಚೂರಿನಂತಿರುತ್ತದೆ. ಅದರಡಿಯಲ್ಲಿ ಎರಡು ಮೂರು ಮಿಲಿಮೀಟರ್ ಉದ್ದದ ಜೇಡವೊಂದು ಅಡಗಿ ಕುಳಿತಿರುತ್ತದೆ. ಇದೇ ಗೋಡೆ ಜೇಡ. ಈ ಕುಲದ ವೈಜ್ಞಾನಿಕ ಹೆಸರು ಈಕೋಬಿಯಸ್. ಗ್ರೀಕ್ ಮೂಲದ ಈ ಹೆಸರಿಗೆ ‘ಮನೆವಾಸಿ’ ಎಂದು ಅರ್ಥ.

ಇರುವೆ ಇದರ ಮೆಚ್ಚಿನ ಆಹಾರ. ಇರುವೆಯ ಕಾಲು ಬಲೆಯ ಎಳೆಗೆ ತಗುಲಿದರೆ ಸಾಕು, ಜೇಡ ಹೊರಬಂದು ಅದರ ಸುತ್ತ ಗಿರಗಿರನೆ ಓಡುತ್ತದೆ. ಓಡುತ್ತಲೇ ನೂಲು ಬಿಟ್ಟು ಇರುವೆಯನ್ನು ಕಟ್ಟಿಹಾಕುತ್ತದೆ. ಕಚ್ಚುವುದು ಆಮೇಲೆ. ತನ್ನಷ್ಟೇ ದೊಡ್ಡದಾದ, ತಿರುಗಿ ಕಚ್ಚಬಲ್ಲ ಬೇಟೆಯನ್ನು ಹಿಡಿಯಲು ಎಂಥ ಉಪಾಯ! ನಮಗೆ ಮಾತ್ರ ಇದರಿಂದ ಯಾವ ಅಪಾಯವೂ ಇಲ್ಲ.

ಈ ಕುಲದ ಈಕೋಬಿಯಸ್ ನೇವಸ್ ಎಂಬ ಜಾತಿಯದು ದೊಡ್ಡ ಪ್ರವಾಸದ ಕಥೆ. ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿ ಸಿಕ್ಕ ಇದನ್ನು 1859ರಲ್ಲಿ ಬ್ರಿಟನ್ನಿನ ಜಾನ್ ಬ್ಲ್ಯಾಕ್‌ವಾಲ್ ಮೊದಲಿಗೆ ವರ್ಣಿಸಿ ಹೆಸರಿಟ್ಟರು. ಯೂರೋಪು ಮತ್ತು ಉತ್ತರ ಆಫ್ರಿಕದ ಕಡೆಯದೆನ್ನಲಾದ ಈ ಜೇಡ ಇಂದು ಅಮೆರಿಕ, ದಕ್ಷಿಣ ಆಫ್ರಿಕ, ಜಪಾನ್, ನ್ಯೂಜಿಲೆಂಡ್‌ಗಳ ಗೋಡೆಗಳ ಮೇಲೂ ಇದೆ.

ಇಷ್ಟು ಸಣ್ಣ ಜೀವಿ ಸಾಗರ ದಾಟಿದ್ದು ಹೇಗೆ? ದಾಟಿಸಿದವರು ನಾವೇ. ಮರದ ಪೆಟ್ಟಿಗೆ, ಪೀಠೋಪಕರಣ, ಸರಕುಗಳ ಸಂದಿಯಲ್ಲಿ ಜೇಡವೋ ಅದರ ಮೊಟ್ಟೆಚೀಲವೋ ಅಂಟಿಕೊಂಡರೆ ಯಾರ ಕಣ್ಣಿಗೂ ಬೀಳದು. ಇಳಿದ ಊರು ಹೊಸತಾದರೂ ಅಲ್ಲಿಯೂ ಗೋಡೆಯಿದೆ, ಮಳೆ ಬಿಸಿಲಿಗೆ ಮರೆಯಿದೆ, ಇರುವೆಯಿದೆ. ಇದಕ್ಕೆ ಬೇಕಾದ್ದೂ ಅಷ್ಟೇ.

ನಮ್ಮ ದೇಶಕ್ಕೂ ಈ ಕುಲದ ನಂಟಿದೆ. 1962ರಲ್ಲಿ ಭಾರತದ ಜೇಡತಜ್ಞ ಬಿ.ಕೆ. ಟಿಕಾದರ್ ಅವರು ಇದರ ಇನ್ನೊಂದು ಜಾತಿಯನ್ನು ವರ್ಣಿಸಿ, ಮರಾಠಾ ನಾಡಿನ ನೆನಪಿಗೆ ಮರಾಠಾಸ್ ಎಂದು ಹೆಸರಿಟ್ಟರು. ಅದು ದೂರದ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲೂ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ: ಹೆಸರು ಪಡೆದ ಊರೇ ಹುಟ್ಟೂರು ಎಂದು ತೀರ್ಮಾನಿಸಬಾರದು. ಮನುಷ್ಯನ ಜೊತೆ ಸುತ್ತುವ ಜೀವಿಗಳ ತವರು ಹುಡುಕುವುದು ಕಷ್ಟ. ಯಾವ ಜಾತಿ, ಎಲ್ಲಿ, ಯಾವಾಗ ಕಂಡಿತು ಎಂದು ಜನ ಬರೆದಿಟ್ಟ ಟಿಪ್ಪಣಿಗಳೇ ಅದಕ್ಕೆ ಆಧಾರ.

ಮಕ್ಕಳೇ, ಮನೆಯಲ್ಲಿ ಪೊರಕೆ ಆಡುವ ಮುನ್ನ ಒಮ್ಮೆ ಭೂತಗನ್ನಡಿ ಹಿಡಿದು ಗೋಡೆ ನೋಡಿ. ಕಂಡದ್ದನ್ನು ಊರು, ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ತಂದೆತಾಯಿಯರೇ, ಮೂಲೆಯ ಒಂದು ಬಲೆಯನ್ನು ನಾಲ್ಕು ದಿನ ಹಾಗೇ ಬಿಡಿ. ಮಗುವಿಗೆ ಅದೇ ಪಾಠಶಾಲೆಯಾದೀತು.