ತೂಕ ನೋಡಿದ್ದು ಸಾಕು, ಓಡಿಸಿ ನೋಡಿ

'ದಪ್ಪ ಇದ್ದಾನಲ್ಲ ಮೇಡಂ, ಅದಕ್ಕೇ ಉಸಿರು ಸಾಲ್ತಿಲ್ಲ ಅಲ್ವಾ?' ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ನನ್ನ ಕೋಣೆಯ ಬಾಗಿಲಲ್ಲೇ ಕೇಳುವ ಪ್ರಶ್ನೆ ಇದು. ಮಗ ಪಕ್ಕದಲ್ಲೇ ನಿಂತು ನೆಲ ನೋಡುತ್ತಿರುತ್ತಾನೆ. ನಾನು ಡಾಕ್ಟರಲ್ಲ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಸ್ಪೈರೋಮೆಟ್ರಿ, ಅಂದರೆ ಊದಿಸಿ ಶ್ವಾಸಕೋಶ ಅಳೆಯುವ ಪರೀಕ್ಷೆ, ಮಾಡುವ ಟೆಕ್ನಿಷಿಯನ್. ರಿಪೋರ್ಟ್ ಓದಿ ಹೇಳುವುದು ನನ್ನ ಕೆಲಸವಲ್ಲ. ಆದರೂ ಹದಿಹರೆಯದವರನ್ನು ಇಷ್ಟು ಕಾಲ ಊದಿಸಿದ ಮೇಲೆ ಒಂದು ಮಾತು ಹೇಳಲೇಬೇಕು ಅನಿಸಿದೆ: ಮಕ್ಕಳ ಉಸಿರಿನ ವಿಷಯದಲ್ಲಿ ನಾವು ತೂಕದ ಯಂತ್ರವನ್ನು ಅತಿಯಾಗಿ ನಂಬಿದ್ದೇವೆ, ಮೈದಾನವನ್ನು ಮರೆತೇಬಿಟ್ಟಿದ್ದೇವೆ.

ಪರೀಕ್ಷೆ ಹೇಗಿರುತ್ತದೆ ಹೇಳುತ್ತೇನೆ. ಮೊದಲು ಚಪ್ಪಲಿ ಬಿಚ್ಚಿಸಿ ಎತ್ತರ ಅಳೆಯುತ್ತೇನೆ. ತುರುಬು ಕಟ್ಟಿದ ಹುಡುಗಿಯರು ಮುಖ ಸಿಂಡರಿಸಿಕೊಂಡೇ ಅದನ್ನು ಬಿಚ್ಚುತ್ತಾರೆ. ಎತ್ತರ ಎರಡು ಸೆಂಟಿಮೀಟರು ಹೆಚ್ಚಾದರೂ ಯಂತ್ರದ ಲೆಕ್ಕ ತಪ್ಪುತ್ತದೆ. ಒಬ್ಬರ ಶ್ವಾಸಕೋಶ ಎಷ್ಟು ಗಾಳಿ ಬಿಡಬೇಕು ಎಂಬ ಅಂದಾಜು ನಿಂತಿರುವುದು ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬುದರ ಮೇಲೆ. ತೂಕವನ್ನೂ ಬರೆದುಕೊಳ್ಳುತ್ತೇವೆ, ಆದರೆ ಇಂದು ಬಳಕೆಯಲ್ಲಿರುವ ಜಾಗತಿಕ ಸೂತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಆಮೇಲೆ ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ. ಎದೆ ತುಂಬ ಎಳೆದುಕೊಂಡು ಒಂದೇ ಏಟಿಗೆ ಬಿಡಬೇಕು. 'ಊದು, ಊದು, ಇನ್ನೂ, ಇನ್ನೂ, ನಿಲ್ಲಿಸ್ಬೇಡ!' ಎಂದು ನಾನು ಕೂಗುವುದು ಕಾರಿಡಾರಿನ ಕೊನೆಯವರೆಗೂ ಕೇಳಿಸುತ್ತದಂತೆ. ಕನಿಷ್ಠ ಮೂರು ಸಲ ಸರಿಯಾಗಿ ಊದಿದರೆ ಬಿಡುಗಡೆ. ಪರದೆಯ ಮೇಲೆ ಮುಖ್ಯವಾಗಿ ಎರಡು ಅಂಕಿ ನೋಡುತ್ತೇವೆ. ಒಟ್ಟು ಹೊರಬಿದ್ದ ಗಾಳಿ ಎಫ್‌ವಿಸಿ, ಮೊದಲ ಒಂದೇ ಸೆಕೆಂಡಿನಲ್ಲಿ ಹೊರಬಿದ್ದದ್ದು ಎಫ್‌ಇವಿ-1.

ದಪ್ಪ ಹುಡುಗನ ಎಫ್‌ವಿಸಿ ಕಡಿಮೆ ಬರುತ್ತದೆ ಎಂದುಕೊಂಡು ಬಂದವರಿಗೆ ಇಲ್ಲೇ ಗೊಂದಲ. ಎಷ್ಟೋ ಸಲ ಅದು ಸರಿಯಾಗಿಯೇ ಇರುತ್ತದೆ, ಕೆಲವೊಮ್ಮೆ ಹೆಚ್ಚೇ ಇರುತ್ತದೆ. ಕುಗ್ಗುವುದು ಎರಡು ಅಂಕಿಗಳ ಅನುಪಾತ. ಬೊಜ್ಜಿರುವ ಮಕ್ಕಳ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲೂ ಇದೇ ಕಂಡಿದೆ. ಶ್ವಾಸಕೋಶ ಬೆಳೆದಷ್ಟು ಗಾಳಿಯ ಕೊಳವೆಗಳು ಅಗಲವಾಗಿರುವುದಿಲ್ಲ. ಸಾವಿರ ಲೀಟರಿನ ಟ್ಯಾಂಕಿಗೆ ಅರ್ಧ ಇಂಚಿನ ಪೈಪು ಹಾಕಿದ ಹಾಗೆ. ಅಂಥ ಮಕ್ಕಳಿಗೆ ಅಸ್ತಮಾವೂ ಇದ್ದರೆ ಅದು ಹೆಚ್ಚು ಸತಾಯಿಸುತ್ತದೆ. ಹೊಟ್ಟೆಯ ಕೊಬ್ಬಿನದು ಇನ್ನೊಂದು ತಂಟೆ. ಅದು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಉಸಿರು ಬಿಟ್ಟ ಮೇಲೆ ಎದೆಯಲ್ಲಿ ಉಳಿಯಬೇಕಾದ ಗಾಳಿ ಕಡಿಮೆಯಾಗುತ್ತದೆ, ಶ್ವಾಸಕೋಶದ ಬುಡದ ಸಣ್ಣ ಕೊಳವೆಗಳು ಬೇಗ ಮುಚ್ಚಿಕೊಳ್ಳುತ್ತವೆ. ಅಂಗಾತ ಮಲಗಿದರೆ ಈ ಒತ್ತಡ ಇನ್ನೂ ಹೆಚ್ಚು. ಹಾಗಾಗಿ ತೂಕ ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ.

ಆದರೆ ತೆಳ್ಳಗಿರುವ ಮಗುವನ್ನು 'ಇವಳಿಗೆ ಉಸಿರು ಸಾಲ್ತಿಲ್ಲ' ಎಂದು ಕರೆತರುವವರು ಅಪರೂಪ. ಕೇಂದ್ರ ಸರ್ಕಾರ 2016ರಿಂದ 2018ರವರೆಗೆ ನಡೆಸಿದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ ಪ್ರಕಾರ 10ರಿಂದ 19 ವರ್ಷದವರಲ್ಲಿ ಶೇ 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದವರು, ತೂಕ ಹೆಚ್ಚಿದವರು ಶೇ 5 ಮಾತ್ರ. ಸಣಕಲು ಮೈಯಲ್ಲಿ ಸ್ನಾಯು ಕಡಿಮೆ, ಉಸಿರಾಟವನ್ನು ನಡೆಸುವುದು ಸ್ನಾಯುವೇ. ಅವರ ಎಫ್‌ವಿಸಿ ನಿಜಕ್ಕೂ ಕಡಿಮೆ ಬರುತ್ತದೆ. ಈ ಕಥೆ ಹುಟ್ಟಿಗಿಂತ ಮೊದಲೇ ಶುರುವಾಗುತ್ತದೆ ಎಂದು ತೋರಿಸಿದ್ದೂ ನಮ್ಮೂರಿನ ದಾಖಲೆಗಳೇ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಮ್ಮ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟಿದ್ದರು. ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದವರನ್ನು ಹುಡುಕಿ ಊದಿಸಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರ ಎಫ್‌ಇವಿ-1 ಕಡಿಮೆ ಇತ್ತು. 1997ರಲ್ಲಿ 'ಥೊರಾಕ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇನ್ನು ಓಟದ ವಿಷಯ. ಓಡಿದರೆ ಶ್ವಾಸಕೋಶ ದೊಡ್ಡದಾಗುತ್ತದೆ ಎಂಬ ಜಾಹೀರಾತಿನ ಮಾತು ಬೇಡ, ಅಷ್ಟೇನೂ ಆಗುವುದಿಲ್ಲ. ಬದಲಾಗುವುದು ಹೃದಯ, ಕಾಲಿನ ಸ್ನಾಯು, ಪಕ್ಕೆಲುಬುಗಳ ನಡುವಿನ ಸ್ನಾಯು. ಪಳಗಿದ ಮೈಗೆ ಅದೇ ಮೆಟ್ಟಿಲು ಹತ್ತಲು ಕಡಿಮೆ ಉಸಿರು ಸಾಕು. ಆದರೂ ಶ್ವಾಸಕೋಶದ ಅಳತೆಯಲ್ಲೂ ಸಣ್ಣ ವ್ಯತ್ಯಾಸ ಕಂಡಿದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದವರನ್ನು ಬೆಳೆಯುತ್ತಿದ್ದಂತೆ ಮತ್ತೆ ಮತ್ತೆ ಪರೀಕ್ಷಿಸುತ್ತ ಬಂದಿದ್ದಾರೆ. ಡೆನ್ಮಾರ್ಕಿನ ಮಕ್ಕಳ ಮೇಲೂ ಇಂಥದೇ ಅಧ್ಯಯನ ನಡೆದಿದೆ. ಎರಡನ್ನೂ ಕೂಡಿಸಿ 2018ರಲ್ಲಿ ಪ್ರಕಟವಾದ ವರದಿ ಪ್ರಕಾರ, ಚಿಕ್ಕಂದಿನಲ್ಲಿ ದಮ್ಮು ಚೆನ್ನಾಗಿದ್ದವರ ಶ್ವಾಸಕೋಶ ಯೌವನದಲ್ಲೂ ಚೆನ್ನಾಗಿತ್ತು. ನಡುವೆ ದಮ್ಮು ಹೆಚ್ಚಿಸಿಕೊಂಡವರಲ್ಲೂ ಹಾಗೇ.

ಹದಿಹರೆಯವೇ ಯಾಕೆ ಎಂದರೆ, ಶ್ವಾಸಕೋಶದ ಶಕ್ತಿ ಇಪ್ಪತ್ತು, ಇಪ್ಪತ್ತೈದರ ಹೊತ್ತಿಗೆ ತುದಿ ಮುಟ್ಟುತ್ತದೆ. ಹುಡುಗಿಯರದು ಸ್ವಲ್ಪ ಮೊದಲೇ. ಆಮೇಲೆ ಇಳಿಮುಖ. ಮುಪ್ಪಿನಲ್ಲಿ ಉಸಿರು ಕಟ್ಟಿಸುವ ಸಿಒಪಿಡಿ ಕಾಯಿಲೆಗೆಲ್ಲ ಬೀಡಿಯೇ ಕಾರಣ ಎಂದು ನಮ್ಮಲ್ಲಿ ಈಗಲೂ ಹೇಳುತ್ತಾರೆ. ಆದರೆ ಆ ಕಾಯಿಲೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಶ್ವಾಸಕೋಶ ಯೌವನದಲ್ಲೇ ಮೇಲಕ್ಕೇರಿರಲಿಲ್ಲ ಎಂದು 2015ರ ದೊಡ್ಡ ಅಧ್ಯಯನವೊಂದು ಹೇಳಿತು. ಆ ಏರುವ ವರ್ಷಗಳಲ್ಲೇ ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ, ನೀಟ್ ಎಂದು ಬೆಂಚಿಗೆ ಅಂಟಿಕೊಂಡಿರುತ್ತಾರೆ. ಪಿಟಿ ಪೀರಿಯಡ್ಡಿಗೆ ಗಣಿತದ ಮೇಷ್ಟ್ರು ಬರುತ್ತಾರೆ. ಹುಡುಗಿಯರಂತೂ ದೊಡ್ಡವರಾದ ಮೇಲೆ ಮೈದಾನದ ಅಂಚಿನಲ್ಲಿ ಬ್ಯಾಗು ಕಾಯುತ್ತ ಕೂರುವುದೇ ಹೆಚ್ಚು. ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜಗತ್ತಿನಲ್ಲಿ 11ರಿಂದ 17 ವರ್ಷದ ಶೇ 81ರಷ್ಟು ಮಕ್ಕಳು ಅದನ್ನು ಮುಟ್ಟುತ್ತಿಲ್ಲ ಎಂಬ ಲೆಕ್ಕ 2016ರದು, ಮೊಬೈಲಿನ ಅವತಾರ ಇಷ್ಟು ಬೆಳೆಯುವ ಮೊದಲಿನದು.

ಖೇಲೋ ಇಂಡಿಯಾದ ಶಾಲಾ ಪರೀಕ್ಷೆಯಲ್ಲಿ ಬಿಎಂಐ ಜೊತೆಗೆ 600 ಮೀಟರ್ ಓಟವೂ ಇದೆ. ಒಳ್ಳೆಯ ಕ್ರಮ. ನನ್ನ ತಕರಾರು ಒಂದೇ: ಮನೆಯವರ ಕಣ್ಣು ಬೀಳುವುದು ಬಿಎಂಐ ಮೇಲೆ ಮಾತ್ರ. 600 ಮೀಟರಿಗೆ ಎಷ್ಟು ಹೊತ್ತು ಬೇಕಾಯಿತು, ಕಳೆದ ವರ್ಷಕ್ಕಿಂತ ಕಡಿಮೆಯಾಯಿತೇ ಎಂದು ಯಾರೂ ಕೇಳುವುದಿಲ್ಲ. ದಪ್ಪ ಹುಡುಗನ ತೂಕ ಒಂದು ಕಿಲೋ ಇಳಿಯದಿದ್ದರೂ ಓಟದ ಹೊತ್ತು ಇಳಿದಿದ್ದರೆ ಅವನಿಗೆ ಶಭಾಷ್ ಅನ್ನಿ. ಸಣಕಲು ಹುಡುಗಿ ಅರ್ಧದಲ್ಲೇ ಕೂತರೆ ಅವಳ ಬಿಎಂಐ ನೋಡಿ ನೆಮ್ಮದಿಪಡಬೇಡಿ, ಊಟವನ್ನೂ ಹಿಮೋಗ್ಲೋಬಿನ್ನನ್ನೂ ವಿಚಾರಿಸಿ. ಹೊಗೆ ತುಂಬಿದ ರಿಂಗ್ ರೋಡಿನ ಪಕ್ಕದಲ್ಲಿ ಓಡಿಸಬೇಡಿ ಎಂದು ಬೇರೆ ಹೇಳಬೇಕಿಲ್ಲ ತಾನೆ?

ಕೊನೆಗೆ, ನನಗೆ ಸಿಟ್ಟು ಬರಿಸುವ ಕಾಗದದ ವಿಷಯ. ವೀಜಿಂಗ್ ಇದೆ ಎಂದು ಗೊತ್ತಾದ ತಕ್ಷಣ ಅಪ್ಪ ಅಮ್ಮ ಕೇಳುವುದು 'ಆಟದಿಂದ ವಿನಾಯಿತಿ' ಪತ್ರ. ಅಸ್ತಮಾ ಬೆರಳೆಣಿಕೆಯ ಮಕ್ಕಳ ಮಾತಲ್ಲ. ಬೆಂಗಳೂರಿನ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5ಕ್ಕೆ ಏರಿತ್ತು ಎಂದು ದಾಖಲಿಸಿದ್ದರು. ಇವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿದರೆ ತೂಕ ಏರುತ್ತದೆ, ದಮ್ಮು ಇಳಿಯುತ್ತದೆ, ಮತ್ತೆ ನನ್ನ ಕೋಣೆಗೇ ಬರುತ್ತಾರೆ. ಏದುಸಿರೆಲ್ಲ ಅಸ್ತಮಾ ಅಲ್ಲ. ಅಭ್ಯಾಸವಿಲ್ಲದೆ ಏದುಸಿರು ಬಂದರೆ ನಿಂತ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಓಟದಿಂದ ಕೆರಳುವ ಅಸ್ತಮಾ ಸಾಮಾನ್ಯವಾಗಿ ಓಟ ನಿಂತ ಮೇಲೆ ಏರುತ್ತದೆ, ಕೆಮ್ಮು, ಎದೆಬಿಗಿತ, ಸುಯ್ ಎನ್ನುವ ಸದ್ದು ಜೊತೆಗಿರುತ್ತದೆ. ಎರಡನೆಯದಕ್ಕೆ ಔಷಧಿ ಇದೆ, ಆಟ ಬಿಡಬೇಕಾಗಿಲ್ಲ. ವಿನಾಯಿತಿ ಬರೆದುಕೊಡುವ ಡಾಕ್ಟರುಗಳು ಅದೇ ಹಾಳೆಯಲ್ಲಿ ಮೂರು ಸಾಲು ಬರೆದರೆ ಸಾಕು: ಆಟಕ್ಕೆ ಎಷ್ಟು ಮೊದಲು ಯಾವ ಇನ್ಹೇಲರ್, ಎಷ್ಟು ಹೊತ್ತು ವಾರ್ಮ್‌ಅಪ್, ಏನಾದರೆ ನಿಲ್ಲಿಸಬೇಕು. ಕನ್ನಡದಲ್ಲಿ ಬರೆಯಿರಿ, ಓದುವವರು ಪಿಟಿ ಮೇಷ್ಟ್ರು.